ಎಲೇನ್ ಬರೆದದ್ದು, ನಾನು ಟೈಪ್ ಮಾಡಿದ್ದು

ಅಮೆರಿಕ ಬಿಟ್ಟು ಹೋಗುವವರೂ ಇರುತ್ತಾರೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಲಾಸ್ ಆಲ್ಟೋಸಿನ ಚರ್ಚೊಂದರ ಗೋಡೆಯ ಮೇಲೆ ದೊಡ್ಡದೊಂದು ಜಗತ್ತಿನ ನಕಾಶೆ. ಥಾಯ್ಲೆಂಡಿನ ಮೇಲೊಂದು ಗುಂಡುಸೂಜಿ, ಅದರಿಂದ ಒಂದು ಕೆಂಪು ದಾರ, ದಾರದ ತುದಿಗೆ ಫೋಟೋ. ಬಿದಿರಿನ ಮನೆಯ ಮೆಟ್ಟಿಲ ಮೇಲೆ ಬರಿಗಾಲಲ್ಲಿ ಕೂತ ಬಿಳಿಯ ಗಂಡ, ಬಿಳಿಯ ಹೆಂಡತಿ, ಮುಂದಿನ ಹಲ್ಲು ಬಿದ್ದ ಒಂದು ಹುಡುಗಿ. ನಲ್ಲಿಯಿಲ್ಲ, ಕರೆಂಟಿಲ್ಲ ಅಂತ ಕೆಳಗೆ ಬರೆದಿತ್ತು. ಇಲ್ಲಿಗೆ ಬರಲು ನಮ್ಮವರು ವೀಸಾ ಆಫೀಸಿನ ಮುಂದೆ ಕಾಲು ಸೋಲುವ ತನಕ ನಿಂತಿದ್ದರು. ಈ ಪುಣ್ಯಾತ್ಮರು ಕೈಯಲ್ಲಿದ್ದದ್ದನ್ನೇ ಬಿಟ್ಟು ಅಲ್ಲಿ ಹೋಗಿ ಕೂತಿದ್ದಾರಲ್ಲ, ಇವರಿಗೇನು ತಲೆ ಕೆಟ್ಟಿದೆಯೇ ಅಂದುಕೊಂಡೆ.

ನಾವು ಧಾರವಾಡದವರು. ಎಂಬತ್ತರ ದಶಕದ ಮೊದಲಲ್ಲಿ ಬಂದೆವು. ಇವರು, ನನ್ನ ಗಂಡ, ಡಾಕ್ಟರು. ಅಲ್ಲಿ ಓದಿದ್ದು ಸಾಲದೆಂದು ಇಲ್ಲಿ ಮತ್ತೆ ಟ್ರೇನಿಂಗು. ಬೆಳಿಗ್ಗೆ ಆರಕ್ಕೆ ಆಸ್ಪತ್ರೆಗೆ ಹೋದರೆ ಕತ್ತಲಾದ ಮೇಲೇ ಮನೆ. ನನಗೆ ಕಾರು ಬರುತ್ತಿರಲಿಲ್ಲ, ನನ್ನ ವೀಸಾದ ಮೇಲೆ ಸಂಬಳಕ್ಕೆ ದುಡಿಯುವಂತೆಯೂ ಇರಲಿಲ್ಲ. ಮೌಂಟನ್ ವ್ಯೂದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೊದಲ ವಾರ ನಾನು ಬಾಗಿಲು ತೆರೆದಿಟ್ಟೇ ಕೂಡುತ್ತಿದ್ದೆ. ಧಾರವಾಡದಲ್ಲಿ ಬಾಗಿಲು ತೆರೆದಿದ್ದರೆ ಯಾರಾದರೂ ಒಳಗೆ ಬಂದೇ ಬರುತ್ತಾರೆ, ಸಕ್ಕರೆ ಬೇಡಲಿಕ್ಕಾದರೂ. ಇಲ್ಲಿ ಬಂದವನು ಮ್ಯಾನೇಜರು ಒಬ್ಬನೇ. ಏನಾದರೂ ತೊಂದರೆಯೇ ಅಂತ ವಿಚಾರಿಸಿ, ಬಾಗಿಲು ತಾನೇ ಎಳೆದುಕೊಂಡು ಹೋದ. ಗ್ರೋಸರಿ ಅಂಗಡಿಯ ಐದಾರು ತರಹದ ಹಾಲಿನಲ್ಲಿ ಯಾವುದು ಮೊಸರಿಗೆ ಆಗುತ್ತದೆ, ಗ್ಯಾಸ್ ಒಲೆಯ ಓವನ್ನಿನೊಳಗೆ ಸದಾ ಉರಿಯುವ ಸಣ್ಣ ಬತ್ತಿಯ ಬಿಸಿಗೆ ಅದು ಹೇಗೆ ಹೆಪ್ಪುಗಟ್ಟುತ್ತದೆ ಎಂದು ಕಂಡುಕೊಂಡ ದಿನ ನಾನು ಒಬ್ಬಳೇ ಅಡುಗೆಮನೆಯಲ್ಲಿ ಕುಣಿದಿದ್ದೆ.

ಅವ್ವನಿಗೆ ವಾರಕ್ಕೊಂದು ಏರೋಗ್ರಾಮು ಬರೆಯುತ್ತಿದ್ದೆ. ಬಿಸಿನೀರು ಇಪ್ಪತ್ತನಾಲ್ಕು ತಾಸೂ ಬರುತ್ತದೆ, ಹಣ್ಣು ಇಷ್ಟಿಷ್ಟು ದೊಡ್ಡವು, ಎಲ್ಲಾ ಛಲೋ ಅದ. ಮಾರ್ಚಿನಲ್ಲಿ ನನ್ನ ಹೊಟ್ಟೆಯ ಮೂರು ತಿಂಗಳ ಕೂಸು ನಿಲ್ಲಲಿಲ್ಲ. ಬಸುರಿಯಾದದ್ದನ್ನೇ ಊರಿಗೆ ತಿಳಿಸಿರಲಿಲ್ಲ. ‘ಅವ್ವಗ ಬರೀಬ್ಯಾಡ, ಅಷ್ಟು ದೂರ ಕೂತು ಸುಮ್ಮನ ಒದ್ದಾಡ್ತಾಳ’ ಅಂದರು ಇವರು. ಆ ವಾರ ನಾನು ಬೀದಿಯ ಪ್ಲಮ್ ಗಿಡಗಳು ಎಲೆಯಿಲ್ಲದೆ ಹೂಬಿಟ್ಟದ್ದನ್ನು ಕುರಿತು ಬರೆದೆ. ಎಷ್ಟು ಚಂದ ಬರದಿದ್ದೀ ಅಂತ ಅವ್ವನ ಉತ್ತರ ಬಂತು.

ಪಕ್ಕದೂರಿನ ಆ ಚರ್ಚಿಗೆ ಬಸ್ಸು ಹಿಡಿದು ಹೋಗತೊಡಗಿದ್ದು ಅದಕ್ಕೂ ಮೊದಲು, ಜನವರಿಯಲ್ಲಿ, ಪುಕ್ಕಟೆ ಇಂಗ್ಲಿಷ್ ಕ್ಲಾಸಿಗೆ. ‘ಜೋಪಾನ, ಸುಮಂಗಲಾನ್ನ ಸೂಜನ್ ಮಾಡಿ ಕಳಿಸ್ಯಾರು’ ಅಂತ ಇವರು ಚೇಷ್ಟೆ ಮಾಡಿದ್ದರು. ಸೂಜನ್ ಮಾಡಲಿಲ್ಲ, ಬರೇ ಸೂ ಮಾಡಿದರು. ಕಲಿಸುತ್ತಿದ್ದವಳು ಚರ್ಚಿನ ಆಫೀಸು ನೋಡಿಕೊಳ್ಳುತ್ತಿದ್ದ ಮಿಲ್ಡ್ರೆಡ್, ಎಪ್ಪತ್ತರ ಹತ್ತಿರದ ಮುದುಕಿ. ನಾನು ಟೈಪಿಂಗ್ ಹೈಯರ್ ಪರೀಕ್ಷೆ ಪಾಸಾದವಳೆಂದು ತಿಳಿದದ್ದೇ ತಡ, ವಾರಕ್ಕೆ ಎರಡು ದಿನ ನನ್ನನ್ನು ಮಷೀನಿನ ಮುಂದೆ ಕೂಡಿಸಿದಳು. ಸಂಬಳವಿಲ್ಲ, ಆದರೆ ಹೋಗಲಿಕ್ಕೆ ಒಂದು ಜಾಗ ಸಿಕ್ಕಿತು.

ಕೆಲಸ ಇಷ್ಟೇ. ಥಾಯ್ಲೆಂಡಿನ ಉತ್ತರದ ಗುಡ್ಡಗಳಿಂದ ಫೋಟೋದಲ್ಲಿದ್ದ ಆ ಹೆಂಗಸು, ಚರ್ಚು ಧರ್ಮಪ್ರಚಾರಕ್ಕೆ ಕಳಿಸಿದ್ದ ಎಲೇನ್, ತಿಂಗಳಿಗೊಂದು ಕಾಗದ ಬರೆಯುತ್ತಿದ್ದಳು. ಅದನ್ನು ನಾನು ಸ್ಟೆನ್ಸಿಲ್ ಮೇಲೆ ಟೈಪ್ ಮಾಡಬೇಕು, ನೂರಾರು ಪ್ರತಿ ತೆಗೆಯಬೇಕು, ಕಾಣಿಕೆ ಕೊಟ್ಟು ಆ ಕುಟುಂಬವನ್ನು ಸಾಕುವ ಚರ್ಚಿನ ಸಭೆಯವರಿಗೆಲ್ಲ ಅಂಚೆಗೆ ಹಾಕಬೇಕು. ಅದಕ್ಕೆ ಮೊದಲು ಮಿಲ್ಡ್ರೆಡ್ ನೀಲಿ ಪೆನ್ಸಿಲಿನಿಂದ ಬೇಡವಾದ ಸಾಲು ಹೊಡೆದುಹಾಕುತ್ತಿದ್ದಳು.

ಹೊಡೆದುಹಾಕಿದ್ದನ್ನೂ ನಾನು ಓದುತ್ತಿದ್ದೆ. ಎಲೇನ್ ಅಲ್ಲಿಯ ಭಾಷೆಯಲ್ಲಿ ಬಾಯಿಬಿಟ್ಟರೆ ಸಂತೆಯ ಹೆಂಗಸರು ಕೈ ಅಡ್ಡ ಹಿಡಿದು ನಗುತ್ತಾರಂತೆ. ಅಲ್ಲಿ ಖಾವ್ ನಿಯಾವ್ ಅಂತ ಒಂದು ಅಂಟಂಟು ಅನ್ನ, ಬಿದಿರ ಬುಟ್ಟಿಯಿಂದ ತೆಗೆದು ಕೈಯಲ್ಲಿ ಉಂಡೆ ಮಾಡಿ ತಿನ್ನಬೇಕು. ಎರಡು ವರ್ಷ ಅವಳಿಗೆ ಅದು ಗಂಟಲಲ್ಲಿ ಇಳಿಯಲಿಲ್ಲವಂತೆ. ಹಾಲಿನ ಮುಂದೆ ಪೆದ್ದಿಯಂತೆ ನಿಂತ ನಾನಿಲ್ಲಿ, ಅನ್ನದ ಮುಂದೆ ಅಳುವ ಇವಳು ಅಲ್ಲಿ. ಇದನ್ನೆಲ್ಲ ಯಾಕೆ ಹೊಡೆಯುತ್ತೀರಿ ಅಂತ ಒಮ್ಮೆ ಕೇಳಿದೆ. ಓದುವವರು ಮುದುಕರು, ಗಾಬರಿಯಾಗುತ್ತಾರೆ, ಅವರಿಗೆ ದೇವರ ಕೆಲಸ ನಡೆಯುತ್ತಿದೆ ಎಂಬ ಧೈರ್ಯ ಬೇಕು ಅಂದಳು ಮಿಲ್ಡ್ರೆಡ್. ಅವಳು ಕೆಟ್ಟವಳಲ್ಲ. ಅವ್ವಗ ಬರೀಬ್ಯಾಡ ಅಂತ ಇವರು ಹೇಳಿದ್ದನ್ನೇ ಅವಳೂ ಹೇಳಿದಳು.

ಏಪ್ರಿಲ್ ಕೊನೆಗೆ ಬಂದ ಕಾಗದದಲ್ಲಿ ಮಗಳ ಸುದ್ದಿಯಿತ್ತು. ಬೆತ್‌ಗೆ ಏಳು ವರ್ಷ. ಮಿಷನರಿ ಮಕ್ಕಳಿಗೆಂದೇ ಇರುವ ದೂರದ ಬೋರ್ಡಿಂಗ್ ಶಾಲೆಗೆ ಹಿಂದಿನ ವರ್ಷ ಹಾಕಿದ್ದರು, ರಜೆಗೆ ಮನೆಗೆ ಬಂದಿದ್ದಳು. ರಜೆ ಮುಗಿಸಿ ಜೀಪು ಹತ್ತುವಾಗ ಆ ಕೂಸು ತಾಯಿಯ ಕೈ ಕುಲುಕಿ, ‘ನನ್ನನ್ನು ಕರೆಸಿಕೊಂಡದ್ದಕ್ಕೆ ಥ್ಯಾಂಕ್ಯೂ’ ಅಂದಳಂತೆ. ಬೇರೆಯವರ ಮನೆಗೆ ಉಣ್ಣಲು ಹೋದಾಗ ಹೇಳೆಂದು ಶಾಲೆಯಲ್ಲಿ ಕಲಿಸಿದ ಮಾತು. ಎಲೇನ್ ಒಳಗೆ ಹೋಗಿ ಮಗಳ ಹಾಸಿಗೆ ಮಡಿಚಿದಳಂತೆ, ಮತ್ತೆ ಬಿಚ್ಚಿ ಹಾಸಿದಳಂತೆ. ‘ಊರಿನ ಮಕ್ಕಳಿಗೆ ಅಕ್ಷರ ಕಲಿಸುತ್ತೇನೆ. ನನ್ನ ಮಗಳಿಗೆ ನಾನು ಊಟಕ್ಕೆ ಕರೆದ ಬೇರೆ ಮನೆಯವಳು’ ಎಂದು ಬರೆದಿದ್ದಳು. ಆ ಪೂರ್ತಿ ಪುಟದ ಮೇಲೆ ಅಡ್ಡಕ್ಕೊಂದು ನೀಲಿ ಗೀಟು.

ಒಬ್ಬಳು ಇಷ್ಟು ಬರೆದು ಅಂಚೆಗೆ ಹಾಕಿದ್ದಾಳೆ, ಮಿಲ್ಡ್ರೆಡ್ ಬಿಟ್ಟರೆ ಓದಿದವಳು ನಾನೊಬ್ಬಳೇ, ನನಗೋ ಉತ್ತರ ಬರೆಯುವ ಹಕ್ಕಿಲ್ಲ. ಬೆರಳು ತಡೆಯಲಿಲ್ಲ. ಗೀಟು ಹಾಕಿದ ಪುಟವನ್ನು ಒಂದಕ್ಷರ ಬಿಡದೆ ಟೈಪ್ ಮಾಡಿದೆ. ನನ್ನ ಕೆಲಸದ ಮೇಲೆ ನಂಬಿಕೆ ಇದ್ದದ್ದರಿಂದ ಮಿಲ್ಡ್ರೆಡ್ ತಿರುಗಿ ನೋಡಲಿಲ್ಲ. ಗುರುವಾರ ಎಲ್ಲಾ ಅಂಚೆಗೆ ಹೋಯಿತು.

ಸೋಮವಾರ ಅವಳು ಫೋನ್ ಮಾಡಿದಳು. ‘ಸೂ, ಇದು ಕೈತಪ್ಪಿ ಆದದ್ದೇ?’

‘ಅಲ್ಲ’ ಅಂದೆ. ಸುಳ್ಳು ಹೇಳಬಹುದಿತ್ತು, ಬಾಯಿ ಬರಲಿಲ್ಲ.

ಅವಳು ಬೈಯಲಿಲ್ಲ. ಇನ್ನು ಟೈಪಿಂಗ್ ಬೇಡ, ಕ್ಲಾಸಿಗೆ ಬರುತ್ತಿರು ಅಂದಳು. ನಾನು ನಾಚಿಕೆಯಿಂದ ಹೋಗಲೇ ಇಲ್ಲ. ಆದರೆ ಒಂದು ತಿಂಗಳೊಳಗೆ ಕ್ಲಾಸಿನವರಿಂದ ಸುದ್ದಿ ಬಂತು: ಕಾಗದ ಓದಿದ ಸಭೆಯವರು ಸೇರಿ, ಆ ಕುಟುಂಬಕ್ಕೆ ವಿಶ್ರಾಂತಿ ಬೇಕೆಂದು ವಾಪಸ್ ಕರೆಸುತ್ತಿದ್ದಾರೆ. ನಿಜ ಹೇಳುತ್ತೇನೆ, ನಾನು ಬೀಗಿದೆ. ತಾಯಿ ಮಗಳನ್ನು ಒಂದು ಮಾಡಿದೆ ಅಂತ ಇವರ ಮುಂದೆ ಎರಡು ದಿನ ಹೇಳಿಕೊಂಡೆ.

ಜುಲೈಯಲ್ಲಿ ಮಿಲ್ಡ್ರೆಡ್ ಮತ್ತೆ ಫೋನ್ ಮಾಡಿದಳು. ಎಲೇನ್ ಬಂದಿದ್ದಾಳೆ, ಕಾಗದ ಟೈಪ್ ಮಾಡಿದವಳನ್ನು ನೋಡಬೇಕಂತೆ. ಅವರನ್ನು ಸಭೆಯವರೊಬ್ಬರು ಬೆಳ್ಳುಳ್ಳಿ ಬೆಳೆಯುವ ಊರಾದ ಗಿಲ್‌ರಾಯ್‌ನ ಖಾಲಿ ಮನೆಯಲ್ಲಿ ಇಳಿಸಿದ್ದರು. ಮಿಲ್ಡ್ರೆಡ್ ಕಾರಿನಲ್ಲಿ ಒಂದು ತಾಸಿನ ದಾರಿ. ಬೆಳ್ಳುಳ್ಳಿ ಕೀಳುವ ಕಾಲ, ಫ್ರೀವೇ ಮೇಲೇ ಒಗ್ಗರಣೆಯ ವಾಸನೆ. ಊರಿನ ನೆನಪಾಗಿ ನನ್ನ ಕಣ್ಣು ತುಂಬಿದವು.

ಬೆತ್ ಬಾಗಿಲಲ್ಲಿ ಬರಿಗಾಲಲ್ಲಿ ನಿಂತಿದ್ದಳು. ನನ್ನನ್ನು ನೋಡಿ ಕೈ ಮುಗಿದು ತಲೆ ತಗ್ಗಿಸಿದಳು. ಅದು ಅಲ್ಲಿಯ ರೂಢಿ, ಆದರೆ ಈ ದೇಶದಲ್ಲಿ ನನಗೆ ಬಿಳಿಯರಿಂದ ಸಿಕ್ಕ ಮೊದಲ ನಮಸ್ಕಾರ. ನಾನೊಯ್ದ ಚಿತ್ರಾನ್ನವನ್ನು ಯಾರೂ ಹೇಳದೆ ಕೈಯಲ್ಲೇ ಉಂಡೆ ಮಾಡಿ ತಿಂದಳು. ಇಲ್ಲಿಯ ಶಾಲೆಗೆ ಹೋಗುವುದಿಲ್ಲ, ಬೂಟು ಹಾಕುವುದಿಲ್ಲ ಅಂತ ಹಟವಂತೆ. ಮನೆಗೆ ಯಾವಾಗ ಹೋಗೋದು ಅಂತ ದಿನಾ ಕೇಳುತ್ತಾಳಂತೆ.

ಎಲೇನ್ ಫೋಟೋಗಿಂತ ಬಡವಾಗಿದ್ದಳು. ಮಗಳು ಅಂಗಳಕ್ಕೆ ಹೋದ ಮೇಲೆ ನನ್ನನ್ನು ನೇರ ನೋಡಿದಳು.

‘ನನ್ನನ್ನು ಕರೆಸಿ ಅಂತ ನಾನು ಬರೆದಿರಲಿಲ್ಲ’ ಅಂದಳು. ‘ಯಾರಾದರೂ ಓದಲಿ ಅಂತ ಬರೆದಿದ್ದೆ.’

ಸಂತೆಯ ಹೆಂಗಸರು ಈಗೀಗ ನಗುವುದನ್ನು ಬಿಟ್ಟಿದ್ದರಂತೆ. ಆ ಅನ್ನ ಈಗ ಸೇರುತ್ತಿತ್ತಂತೆ. ಮಗಳನ್ನು ಶಾಲೆ ಬಿಡಿಸಿ ತಾನೇ ಕಲಿಸುವುದೆಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರಂತೆ, ಅಷ್ಟರಲ್ಲಿ ಟಿಕೇಟು ಬಂತು. ಸಭೆಯವರು ಇನ್ನು ಅಲ್ಲಿಗೆ ತಿರುಗಿ ಕಳಿಸುವುದು ಅನುಮಾನ. ನನ್ನ ಮುಖ ಇಷ್ಟೇ ಇಷ್ಟು ಆಯಿತು. ತಪ್ಪಾಯಿತು ಅಂದೆ. ಆದರೂ ನೀನು ಓದಿದೆಯಲ್ಲ ಅಂದಳು ಅವಳು. ಆಮೇಲೆ, ನಿನ್ನ ಕಾಗದ ಯಾರು ಓದುತ್ತಾರೆ ಅಂತ ಕೇಳಿದಳು. ನನ್ನ ಕಾಗದದಲ್ಲಿ ಓದುವಂಥದ್ದೇನೂ ಇರುವುದಿಲ್ಲ ಅಂದೆ. ಪಕ್ಕದಲ್ಲಿ ಕೂತಿದ್ದ ಮಿಲ್ಡ್ರೆಡ್ ತನ್ನ ಪರ್ಸಿನ ಹಿಡಿ ನೋಡುತ್ತ ಕೂತಳು.

ಮರುದಿನ ಅವ್ವನಿಗೆ ಬರೆದೆ. ಬಿಸಿನೀರು, ಹಣ್ಣು ಯಾವುದೂ ಬರೆಯಲಿಲ್ಲ. ಮಾರ್ಚಿನಲ್ಲಿ ಆದದ್ದನ್ನು ಆದ ಹಾಗೆ ಬರೆದೆ. ಇವರಿಗೆ ಹೇಳಿದಾಗ ಅಂಚೆಗೆ ತಾವೇ ಹಾಕಿ ಬಂದರು.

ಮೂರು ವಾರಕ್ಕೆ ಉತ್ತರ ಬಂತು. ‘ಬಂದುಬಿಡು. ನಿಮ್ಮಪ್ಪ ಮುಂಬಯಿ ತನಕಾ ಬಂದು ಕರಕೊಂಡು ಬರ್ತಾರ. ಅಂಥಾ ಊರಿನ್ಯಾಗ ಯಾಕ ಇರಬೇಕು.’

ಓದಿ ಅತ್ತೆ. ಹೋಗಬೇಕು ಅನ್ನಿಸಿತು, ಸುಳ್ಳಲ್ಲ. ಆದರೆ ನನ್ನ ಕೂಸು ಹೋದದ್ದು ಇದೇ ಮನೆಯಲ್ಲಿ, ಪ್ಲಮ್ ಗಿಡ ಹೂಬಿಟ್ಟ ಇದೇ ಬೀದಿಯಲ್ಲಿ. ಅದನ್ನು ಬಿಟ್ಟು ಎಲ್ಲಿಗೆಂದು ಹೋಗಲಿ? ಎಲೇನ್‌ಗೆ ನಾನೇನು ಮಾಡಿದ್ದೆ ಅನ್ನುವುದು ಆಗ ಪೂರ್ತಿ ತಿಳಿಯಿತು.

ಹೊಸ ಏರೋಗ್ರಾಮು ಬಿಚ್ಚಿ ಕೂತೆ. ಕ್ಷೇಮ ಸಮಾಚಾರ ಬಿಟ್ಟು ಮೊದಲ ಸಾಲೇ ಬರೆದೆ: ‘ಬರೂದಿಲ್ಲವ್ವಾ. ನಾ ಬರದದ್ದು ನೀ ಓದು, ಸಾಕು.’