ಬಣ್ಣದಡಿಯ ಪೆಟ್ಟು ಹುಡುಕುವ ಬೆರಳಕ್ಕ

ಬೆಳಕು ಹರಿಯುವಷ್ಟರಲ್ಲಿ ಬೆರಳಕ್ಕ ಅಂಗಡಿ ಗುಡಿಸಿ, ಒಂದು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿಯಾಗಿದೆ. ಕಣ್ಣು ಮುಚ್ಚಿ ಅದರ ಪೈಪುಗಳ ಮೇಲೆ ಬೆರಳು ಓಡಿಸುತ್ತಿದ್ದಾರೆ. ಹಳೆಯ ರೇಸ್ ಸೈಕಲ್ಲುಗಳ ವಯಸ್ಸು ಹೇಳಿ ಬೆಲೆ ಕಟ್ಟುವುದು ಅವರ ಕಸುಬು. ನಿಜವಾದ ಹೆಸರೇನು ಎಂದರೆ, "ಯಾಕೆ, ಮದುವೆ ಮಾಡಿಸ್ತೀರಾ?" ಎಂದು ಬಾಯಿ ಮುಚ್ಚಿಸುತ್ತಾರೆ.

ಗೇರ್ ಬದಲಿಸುವ ಕಡ್ಡಿ, ಹ್ಯಾಂಡಲ್ಲಿನಿಂದ ಪೆಡಲಿನತ್ತ ಇಳಿಯುವ ಓರೆ ಪೈಪಿನ ಮೇಲಿದ್ದರೆ ಸೈಕಲ್ಲು ಸಾಮಾನ್ಯವಾಗಿ ಹಳೆಯ ಕಾಲದ್ದು, ಬ್ರೇಕಿನ ಜೊತೆ ಹ್ಯಾಂಡಲ್ಲಿಗೆ ಸೇರಿದ್ದರೆ ಈಚಿನದು. ಆದರೆ ಬಿಡಿಭಾಗ ನಂಬಿ ಕೂತರೆ ಕೆಟ್ಟೆವು ಎನ್ನುತ್ತಾರೆ ಅವರು. "ಇದನ್ನೇ ನೋಡಿ. ಚಕ್ರ ಮೊಮ್ಮಗ, ಫ್ರೇಮು ಅಜ್ಜ!"

ಗಂಡ ಹಾಸಿಗೆ ಹಿಡಿದ ಮೇಲೆ ಅವರು ಈ ಅಂಗಡಿಗೆ ಬಂದು ಕೂತವರು. ಕೊಳ್ಳುವವರು ಗಂಡಸರನ್ನು ಕರೆಯಿರಿ ಎನ್ನುತ್ತಿದ್ದ ಕಾಲ ಅದು. "ಮೊದಮೊದಲು ನಾನೂ ಹೊಳಪು ನೋಡಿಯೇ ಬೆಲೆ ಹೇಳ್ತಿದ್ದೆ. ಚೆನ್ನಾಗಿದೆ ಅಂತ ನಾನೇ ಕೊಟ್ಟ ಸೈಕಲ್ಲು ಮುರಿದು ನನ್ನ ತಮ್ಮನ ಮುಂದಿನ ಹಲ್ಲು ಹೋದವು. ಈಗಲೂ ನಗುವಾಗ ಬಾಯಿಗೆ ಕೈ ಅಡ್ಡ ಹಿಡೀತಾನೆ."

ನಾವು ಮಾತಾಡುತ್ತಿರುವಾಗಲೇ ಒಬ್ಬ ಹುಡುಗಿ ಗುಡ್ಡದ ಇಳಿಜಾರಿನಲ್ಲಿ ಎರಡೂ ಕೈ ಬಿಟ್ಟು ಸೈಕಲ್ ಹೊಡೆದುಕೊಂಡು ಬಂದು ಅಂಗಡಿಯ ಮುಂದೆ ಗಕ್ಕನೆ ನಿಲ್ಲುತ್ತಾಳೆ. ಹಿಂದೆಯೇ ಏದುಸಿರು ಬಿಡುತ್ತಾ ಅವಳ ಅಪ್ಪ. ಮಗಳು ರೇಸಿಗೆ ಸೇರಿದ್ದಾಳೆ, ಇದನ್ನು ಮಾರಿ ಹೊಸದು ಕೊಡಿಸಬೇಕು. ಒಳ್ಳೆಯ ಬೆಲೆ ಬರಲೆಂದು ಅವರೇ ಕೂತು ಕೆಂಪು ಬಣ್ಣ ಬಳಿದಿದ್ದಾರೆ. ಮದುವಣಗಿತ್ತಿಯ ಹಾಗೆ ಮಿಂಚುತ್ತಿದೆ.

ಬೆರಳಕ್ಕನ ಬೆರಳು ಹ್ಯಾಂಡಲ್ಲಿನ ಕೆಳಗೆ, ಓರೆ ಪೈಪು ಶುರುವಾಗುವಲ್ಲಿ ನಿಂತುಬಿಡುತ್ತದೆ.

"ಇದು ಎಲ್ಲಿಗೆ ಗುದ್ದಿತ್ತು ಪುಟ್ಟೀ?"

"ಹೋದ ವರ್ಷ, ಗೋಡೆಗೆ," ಎನ್ನುತ್ತಾಳೆ ಹುಡುಗಿ ಮೆಲ್ಲಗೆ. "ಮುಂದಿನ ಚಕ್ರ ಹಿಡಿದಿರೋ ಫೋರ್ಕ್ ಸೊಟ್ಟಗಾಗಿತ್ತು. ಅಪ್ಪ ಹೊಸದು ಹಾಕಿಸಿದ್ರು."

"ಫೋರ್ಕ್ ನೋಡಿದ್ರಿ. ಅದರ ಹಿಂದಿನ ಪೈಪನ್ನ ಯಾರೂ ನೋಡ್ಲಿಲ್ಲ. ಅಣ್ಣಾ, ಚಕ್ರ, ಸೀಟು, ಬ್ರೇಕಿಗೆ ದುಡ್ಡು ಕೊಡ್ತೀನಿ. ಫ್ರೇಮಿಗೆ ಒಂದು ಕಾಸೂ ಇಲ್ಲ."

ಅಪ್ಪನ ಮುಖ ಬಣ್ಣಕ್ಕಿಂತ ಕೆಂಪಾಗುತ್ತದೆ. "ಬೆಲೆ ಇಳಿಸೋಕೆ ಈ ನಾಟಕನಾ? ಎಲ್ಲಿ, ಕೆರೆದು ತೋರಿಸಿ!"

ಬೆರಳಕ್ಕ ಬ್ಲೇಡಿನಿಂದ ಬಣ್ಣ ಕೆರೆಯುತ್ತಾರೆ. ಪೈಪಿನ ಅರ್ಧ ಸುತ್ತಿನಷ್ಟು ಉದ್ದಕ್ಕೆ ಕೂದಲೆಳೆಯಷ್ಟು ಸಣ್ಣ ಬಿರುಕು, ಅದರೊಳಗೆ ತುಕ್ಕು. ಈಗಷ್ಟೇ ಈ ಹುಡುಗಿ ಕೈ ಬಿಟ್ಟು ಗುಡ್ಡ ಇಳಿದಳಲ್ಲ!

ಕೆಟ್ಟ ಫ್ರೇಮನ್ನು ಇಡಿಯಾಗಿ ಈ ಅಂಗಡಿಯಿಂದ ಹೊರಗೆ ಕಳಿಸುವುದಿಲ್ಲ. ಇನ್ನೊಬ್ಬರು ಬಣ್ಣ ಬಳಿದು ಮಾರಿಬಿಟ್ಟಾರು. ತಂದವರೇ ಕೊಯ್ಯಬೇಕು, ಅದು ಇಲ್ಲಿಯ ಪದ್ಧತಿ. ಬೆರಳಕ್ಕ ಗರಗಸ ಮುಂದೆ ಹಿಡಿಯುತ್ತಾರೆ. ಅಪ್ಪ ಹಲ್ಲು ಕಚ್ಚಿ ಅದನ್ನು ತೆಗೆದುಕೊಂಡು ಬಿರುಕಿನ ಮೇಲೆಯೇ ಗರಗಸ ಇಡುತ್ತಾರೆ. ನಾಲ್ಕು ಸಲ ಎಳೆದಿಲ್ಲ, ಪೈಪು ಟಕ್ಕೆಂದು ಎರಡಾಗುತ್ತದೆ.

ಹುಡುಗಿ ಎರಡಾದ ಪೈಪನ್ನು ಬೆರಳಿನಿಂದ ಮುಟ್ಟಿ ನೋಡುತ್ತಾಳೆ. ಅಪ್ಪ ಗರಗಸ ಕೆಳಗಿಡುತ್ತಾರೆ. "ನಾನೇ ಬಣ್ಣ ಹೊಡೆದೆ," ಎಂದು ತಮ್ಮಷ್ಟಕ್ಕೇ ಅನ್ನುತ್ತಾರೆ, "ನನ್ನ ಕೈಯಾರೆ." ದುಡ್ಡನ್ನೂ ತೆಗೆದುಕೊಳ್ಳದೆ, ಅಷ್ಟೆತ್ತರದ ಮಗಳ ಕೈಯನ್ನು ಚಿಕ್ಕ ಮಗುವಿನ ಕೈಯಂತೆ ಬಿಗಿಯಾಗಿ ಹಿಡಿದು ಗುಡ್ಡ ಹತ್ತತೊಡಗುತ್ತಾರೆ. ನಾಳೆ ಬಂದಾಗ ಕೊಟ್ಟರಾಯಿತೆಂದು ಬೆರಳಕ್ಕ ಅವರ ಹಣವನ್ನು ಡಬ್ಬಿಯಲ್ಲಿ ಬೇರೆ ಇಡುತ್ತಾರೆ.

ಇಂಥ ದಿನ ಬೇಜಾರಾಗುವುದಿಲ್ಲವೇ ಎಂದು ಕೇಳುತ್ತೇನೆ.

"ಬಹಳ ಜನ ನನ್ನ ಬೈಕೊಂಡೇ ಹೋಗ್ತಾರೆ. ಬೈಲಿ ಬಿಡಿ," ಎನ್ನುತ್ತಾರೆ, ಅವರಿಬ್ಬರನ್ನೇ ನೋಡುತ್ತಾ. "ತಮ್ಮ ಕಾಲ ಮೇಲೆ ನಡ್ಕೊಂಡು ಹೋಗ್ತಾರಲ್ಲ, ನನಗೆ ಅಷ್ಟು ಸಾಕು."