ಕಂದೀಲಿಗೆ ಬೈದವರು

ಅಕ್ಕ ಕಸ್ತೂರಿ ಗುಲಬರ್ಗಾದಲ್ಲಿ ನಮ್ಮ ಮನೆಯಲ್ಲೇ ಇದ್ದು ರಸಾಯನಶಾಸ್ತ್ರದ ಸಂಶೋಧನೆ ಮಾಡುತ್ತಿದ್ದಳು. ಆಮ್ಲಜನಕ ಸಾಲದ ಜೀವಕೋಶದೊಳಗೆ ಮಾತ್ರ ಹೊಳೆಯುವ ಒಂದು ಬಣ್ಣವನ್ನು ತಯಾರಿಸುವುದು ಅವಳ ಕೆಲಸ.

"ಕ್ಯಾನ್ಸರ್ ಗಡ್ಡಿಯೊಳಗ ಗಾಳಿ ಮುಟ್ಟದ ಜಾಗಾ ಇರ್ತಾವ. ಅಲ್ಲಿ ಔಷಧನೂ ನಾಟೂದಿಲ್ಲ. ಆ ಜಾಗಾ ಕಣ್ಣಿಗೆ ಕಾಣಬೇಕು."

"ಅಂದ್ರ ಕಂದೀಲ ಇಳಿಬಿಟ್ಟಂಗ," ಎಂದೆ.

"ಹೂಂ, ಆದ್ರ ಉಲ್ಟಾ. ಗಾಳಿ ಇಲ್ಲದಲ್ಲೇ ಹತ್ತಿ ಉರಿಯೂ ಕಂದೀಲ."

ಕಂದೀಲಿನ ಮಾತು ನಮ್ಮಲ್ಲಿ ಸುಮ್ಮನೆ ಬರುವುದಿಲ್ಲ. ನಮ್ಮೂರು ಕಮಲಾಪುರದಲ್ಲಿ ನೆಲದಡಿ ಜೋಳ ತುಂಬಿಟ್ಟ ಹಗೇವು ತೆಗೆದಾಗ, ಇಳಿಯುವ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಬಿಡುತ್ತಾರೆ. ಆರಿದರೆ ಒಳಗೆ ಉಸಿರಾಡಲು ಗಾಳಿಯಿಲ್ಲ. ಒಂದು ವರ್ಷ ಹಾಗೇ ಆರಿತು. "ಹಾಳ ಕಂದೀಲ, ಬತ್ತಿ ಸುಟ್ಟದ" ಎಂದು ಬೈದು ನಮ್ಮಪ್ಪ ಸೂಗಪ್ಪ ಇಳಿದ. ಮೇಲೆ ಬಂದದ್ದು ಹೆಣ.

ಅಕ್ಕನ ಬಣ್ಣದ ಕಡೆಯ ಪರೀಕ್ಷೆ ಬಂತು. ಗೆದ್ದರೆ ಕೆಲಸ ಮುಂದಕ್ಕೆ, ಸೋತರೆ ಅಲ್ಲಿಗೇ ಮುಗಿಯಿತು ಎಂದಿದ್ದರು ಅವಳ ಸಂಶೋಧನೆಯ ಗೈಡ್. ಒಂದು ಸೀಸೆಯ ಕೋಶಗಳಿಗೆ ಗಾಳಿ ಬಂದ್ ಮಾಡಿ, ಇನ್ನೊಂದನ್ನು ಗಾಳಿಯಾಡಲೆಂದು ಅಲುಗಾಡಿಸುವ ಮಷೀನಿನ ಮೇಲಿಟ್ಟು, ಎರಡಕ್ಕೂ ಬಣ್ಣ ಹಾಕಿ, ಅಪ್ಪನ ಪುಣ್ಯತಿಥಿಗೆ ಕಮಲಾಪುರಕ್ಕೆ ಹೋದಳು. ನನ್ನ ಕೂಸಿಗೆ ಜ್ವರವೆಂದು ನಾನು ಮನೆಯಲ್ಲೇ ಉಳಿದೆ. ಸಂಜೆ ಅಕ್ಕ ಲ್ಯಾಬಿಗೆ ಮರಳಿ ನೋಡಿದರೆ ಎರಡೂ ಹೊಳೆಯುತ್ತಿದ್ದವು; ಗಾಳಿಯಾಡಿದ್ದು ಹೊಳೆಯಬಾರದಿತ್ತು.

"ಎಲ್ಲಾ ಕಡಿ ಹೊಳಿಯೂ ಬಣ್ಣ ತಗೊಂಡು ಹೋಳಿ ಆಡೂದೇನವ್ವ?" ಎಂದರಂತೆ ಗೈಡ್. ಅಕ್ಕ ಉಳಿದ ಬಣ್ಣವನ್ನು ಕೈಯಾರೆ ಮೋರಿಗೆ ಸುರಿದು ಬಂದಳು. ನಂದೂರಿನ ದಾಲ್ ಮಿಲ್ಲಿನಲ್ಲಿ ತೊಗರಿಯ ತೇವ ನೋಡುವ ನೌಕರಿ ಹಿಡಿದಳು.

ಮೊನ್ನೆ ಮಗನಿಗೆ ಮತ್ತೆ ಜ್ವರ, ಕರೆಂಟೂ ಹೋಯಿತು. ಅವನಿಗೆ ಬೀಸಣಿಕೆ ಬೀಸುತ್ತ ಅಂದೆ: "ಇವ ತೊಟ್ಟಿಲದಾಗ ಇದ್ದಾಗೂ ಹಿಂಗೇ. ನೀ ಅಪ್ಪನ ತಿಥಿಗೆ ಹೋದ ದಿನ ಊರಿಗೂರೇ ಕರೆಂಟ್ ಇದ್ದಿಲ್ಲ. ನೀ ಬರೂ ಹೊತ್ತಿಗೆ ಬಂತು."

ಅಕ್ಕನ ಕೈಯ ತುತ್ತು ಹಾಗೇ ನಿಂತಿತು. "ಹಂಗಾದ್ರ ಮಷೀನ್ ನಿಂತಿತ್ತು."

ಅಲುಗಾಟ ನಿಂತು ಕೋಶಗಳು ತಳಕ್ಕೆ ಕುಳಿತು ಉಸಿರುಗಟ್ಟಿದ್ದವು. ಬಣ್ಣ ಅದನ್ನೇ ಹೇಳಿತ್ತು. ಒಮ್ಮೆ ಹತ್ತಿದ ಆ ಹೊಳಪು ಮತ್ತೆ ಆರುವಂಥದ್ದಲ್ಲ.

ಮರುದಿನ ಗೈಡ್ ಬಳಿಗೆ ಹೋದಳು. "ಕರೆಂಟಿನ ಮ್ಯಾಲ ಹಾಕ್ತೀಯೇನು? ಕುಣಿಲಾರದಾಕಿ ನೆಲ ಡೊಂಕು ಅಂದಳಂತ," ಎಂದು ನಕ್ಕರಂತೆ. ಅವಳ ಜಾಗಕ್ಕೆ ಆಗಲೇ ಬೇರೆಯವರು ಬಂದಿದ್ದರು.

"ಎಂಥಾ ಮನಷ್ಯಾ ಅಂವ!" ಎಂದೆ.

"ಅವ್ರಿಗ್ಯಾಕ ಬೈತಿ? ಸುರದಾಕಿ ನಾನು," ಎಂದಳು ಅಕ್ಕ. "ಕಂದೀಲಕ್ಕ ಬೈದು ಇಳದಾವನ ಮಗಳಲ್ಲೇನು?"

ಬೆಳಿಗ್ಗೆ ಎಂದಿನಂತೆ ಮಿಲ್ಲಿಗೆ ಬುತ್ತಿ ಕಟ್ಟಿಕೊಟ್ಟೆ.