ಅಮ್ಮನ ಮಗ್ಗ ನಿಂತ ಸಂಜೆ

ಇಂಥ ಕತೆಗಳನ್ನು ನಾನು ನಂಬುತ್ತಿರಲಿಲ್ಲ. ಯಳಂದೂರಿನ ನನ್ನ ಸೋದರತ್ತೆ, ಯಾರದೋ ಕನಸಲ್ಲಿ ಕಂಡದ್ದು ಬೆಳಿಗ್ಗೆ ನಿಜವಾಯಿತೆಂದು ಶುರುಮಾಡಿದರೆ, “ಯಾವ ದಿನ ಅತ್ತೆ? ಎಷ್ಟು ಗಂಟೆಗೆ?” ಎಂದು ಕೇಳಿ ಕತೆಯ ಕತ್ತು ಹಿಸುಕುತ್ತಿದ್ದೆ. “ನಿಂಗಾದ್ರೆ ದೆವ್ವನೂ ಸರ್ಟಿಫಿಕೇಟ್ ತಕಂಡೇ ಬರ್ಬೇಕು ಕಣವ್ವ” ಎಂದು ಅವರು ಮುಖ ತಿರುಗಿಸುತ್ತಿದ್ದರು. ಈಗ ಅದೇ ಪ್ರಶ್ನೆಗಳನ್ನು ನನಗೇ ಹಾಕಿಕೊಂಡರೆ ಉತ್ತರ ನೆಟ್ಟಗೆ ಬರುವುದಿಲ್ಲ.

ನಮ್ಮದು ಕೊಳ್ಳೇಗಾಲದ ರೇಷ್ಮೆ ನೇಯುವ ಮನೆ. ನಡುಮನೆಯಲ್ಲೇ ಅಮ್ಮನ ಮಗ್ಗ. ನೇಯುವಾಗ ಹಾಸಿನ, ಅಂದರೆ ಮಗ್ಗದ ಉದ್ದಕ್ಕೂ ಬಿಗಿದ, ಎಳೆ ಕಡಿದರೆ ಅಮ್ಮ ತಕ್ಷಣ ಮಗ್ಗ ನಿಲ್ಲಿಸುತ್ತಾಳೆ. ಆಗ ಮನೆಯಲ್ಲಿ ಯಾರೂ ಅಲುಗಾಡುವಂತಿಲ್ಲ. ಓಡಾಡಿದವರ ಸೆರಗಿನ ಗಾಳಿ ಸೋಕಿದರೂ ಸಾಕು, ಕಡಿದ ತುದಿ ಉಳಿದ ಎಳೆಗಳ ನಡುವೆ ಸೇರಿಹೋಗುತ್ತದೆ. ಅದನ್ನು ಹುಡುಕಿ ಗಂಟು ಹಾಕಿ ಅಮ್ಮ “ಸಿಕ್ತು” ಎಂದ ಮೇಲೆಯೇ ನಮಗೆ ಬಿಡುಗಡೆ. ಮಗುವಾಗಿದ್ದಾಗ ಒಂಟಿ ಕಾಲಲ್ಲಿ ಲೋಟ ಹಿಡಿದು ನಿಂತದ್ದೂ ಉಂಟು. ಮಗ್ಗ ನಿಂತರೆ ನಿಲ್ಲುವುದು ನನಗೆ ಯಾರೂ ಕಲಿಸಿದ ಪಾಠವಲ್ಲ, ಮೈಗೆ ಹತ್ತಿದ ಅಭ್ಯಾಸ.

ಕೆಲವು ವರ್ಷಗಳಿಂದ ಅಮ್ಮನ ಕಣ್ಣಿಗೆ ಪೊರೆ ಬರುತ್ತಿತ್ತು. ಕಾಮಗೆರೆಯ ಆಸ್ಪತ್ರೆಯಲ್ಲಿ ತೋರಿಸಿದೆವು. ಆಪರೇಷನ್ನಿಗೆ ಮಾತ್ರ, “ಈ ಹಾಸು ಮುಗೀಲಿ” ಎನ್ನುತ್ತಾ ಒಂದಾದ ಮೇಲೊಂದು ಹಾಸು ಮುಗಿಸುತ್ತಿದ್ದಳು. ಹಾಗಾಗಿ ಕಡಿದ ಎಳೆ ಹುಡುಕುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ನಾನು ಹನೂರಿನ ಕಡೆ ಅತಿಥಿ ಶಿಕ್ಷಕಿಯಾಗಿದ್ದೆ. ಪ್ರತಿ ಬೇಸಿಗೆಗೂ ಕೆಲಸ ಮುಗಿಯುತ್ತಿತ್ತು. ಆಗ ಗಡಿಯಾಚೆ, ತಮಿಳುನಾಡಿನ ಬೆಟ್ಟದ ಮೇಲಿನ ಒಂದು ಶಾಲೆಗೆ ಎರಡೂ ಭಾಷೆ ಬಲ್ಲ ಟೀಚರು ಬೇಕೆಂದು ತಿಳಿಯಿತು. ಅಲ್ಲಿನ ಮಕ್ಕಳ ಮನೆಮಾತು ಕನ್ನಡ, ಪುಸ್ತಕ ತಮಿಳು. ಅಮ್ಮನ ತವರಿನಿಂದ ನನಗೆ ತಮಿಳು ಬಂದಿತ್ತು. ಹೋಗಲೋ ಬೇಡವೋ ಎಂದು ವಾರವಿಡೀ ಡೈರಿಯಲ್ಲಿ ಬರೆದು ಬರೆದು ಹೊಡೆದುಹಾಕಿದೆ. ಕೊನೆಗೆ ಅಮ್ಮನೇ, “ಓಗು. ಎಳೆ ನಾನ್ ಹುಡಿಕ್ಕತೀನಿ” ಎಂದಳು. ಬಸ್ಸು ಹನೂರು ದಾಟಿ, ಚೆಕ್‌ಪೋಸ್ಟ್ ದಾಟಿ, ಬೋರ್ಡುಗಳ ಅಕ್ಷರ ಬದಲಾದಾಗ ಏನನ್ನೋ ಅರ್ಧಕ್ಕೆ ಬಿಟ್ಟು ಬಂದವಳಂತೆ ಕೂತಿದ್ದೆ.

ಅದು ನಡೆದದ್ದು ಅಲ್ಲಿಗೆ ಹೋದ ಮೂರನೆಯ ವಾರ. ನಾಲ್ಕು ಹುಡುಗಿಯರು ಕಾಡಂಚಿನ ಹಾಡಿಯಿಂದ ಬರುತ್ತಿದ್ದರು. ಆನೆ ಓಡಾಟ ಹೆಚ್ಚಿದ್ದರಿಂದ ಸಂಜೆ ಅವರನ್ನು ಒಬ್ಬ ಟೀಚರು ಮನೆ ಮುಟ್ಟಿಸಬೇಕಿತ್ತು. ಆ ದಿನ ನನ್ನ ಸರದಿ. ನಾಲ್ಕೂವರೆ ಇದ್ದೀತು, ಇನ್ನೂ ಬಿಸಿಲಿತ್ತು. ಐದನೇ ತರಗತಿಯ ಮಾದೇವಿ ಮುಂದೆ ನಡೆಯುತ್ತಾ, “ನಿಮ್ಮೂರಲ್ಲಿ ಆನೆ ಇಲ್ವಾ ಟೀಚರ್?” ಎಂದಳು.

“ಇಲ್ಲ. ಬಸ್ಸುಗಳಿವೆ.”

“ಬಸ್ಸು ಅಟ್ಟಿಸ್ಕಂಡ್ ಬರಾಕಿಲ್ಲ ಬುಡಿ.”

ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ಆ ಸದ್ದು ನನ್ನ ಗಮನಕ್ಕೆ ಬಂತು. ಟಕ್ ಟಕ್, ಸ್ವಲ್ಪ ತಡೆದು ಇನ್ನೊಂದು ಟಕ್. ಅಮ್ಮನ ಮಗ್ಗದ ಸದ್ದೂ ಹೀಗೆಯೇ, ಕಾಲಲ್ಲಿ ತುಳಿಯುವ ಎಡಗಡೆಯ ಹಲಗೆ ಸಡಿಲ. ಮೂರನೆಯ ಪೆಟ್ಟು ಯಾವಾಗಲೂ ತಡ. ಮರಕುಟಿಗ ಇರಬೇಕು ಎಂದುಕೊಂಡೆ. ಹಾಗೇ ನಡೆದೆ. ದಾರಿ ತಿರುಗುವಲ್ಲಿ ಸದ್ದು ಫಕ್ಕನೆ ನಿಂತಿತು. ನನ್ನ ಕಾಲೂ ನಿಂತಿತು. ಕೈ ಚಾಚಿ ಮಾದೇವಿಯ ಬ್ಯಾಗು ಹಿಡಿದೆಳೆದದ್ದು ನೆನಪಿದೆ.

ಮುಂದೆ ಹತ್ತು ಮಾರು ದೂರದಲ್ಲಿ ಲಂಟಾನ ಪೊದೆ ಸೀಳಿಕೊಂಡು ಒಂದು ಆನೆ ದಾರಿಗೆ ಬಂತು. ನಮ್ಮತ್ತ ನೋಡಲಿಲ್ಲ. ದಾಟಿ ಎದುರಿನ ಇಳಿಜಾರಿನಲ್ಲಿ ಮರೆಯಾಯಿತು. ಮಾದೇವಿ ಪಿಸುಗುಟ್ಟಿದಳು: “ಓಯ್ತು ಟೀಚರ್, ನಡೀರಿ. ಒತ್ತಾಯ್ತದೆ.”

ನಡೆಯಬೇಕಿತ್ತು. ಸಂಜೆಯಾದಷ್ಟೂ ಅಪಾಯ ಹೆಚ್ಚು ಎಂಬುದು ನನಗೂ ಗೊತ್ತಿತ್ತು. ಆದರೆ ಮಗ್ಗ ಇನ್ನೂ ಶುರುವಾಗಿರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಂತದ್ದಕ್ಕೆ ನನ್ನ ಬಳಿ ಬೇರೆ ಕಾರಣ ಇರಲಿಲ್ಲ. ಸಣ್ಣ ಹುಡುಗಿಯೊಬ್ಬಳು ನನ್ನ ಸೀರೆಗೆ ಮುಖ ಒತ್ತಿ ಅಳುತ್ತಿದ್ದಳು. ಎಷ್ಟು ಹೊತ್ತೋ. ಆಮೇಲೆ ಅದೇ ಪೊದೆಯಿಂದ ಇನ್ನೊಂದು ಆನೆ ಬಂತು, ಅದರ ಹೊಟ್ಟೆಯಡಿ ಮರಿ. ಮೊದಲೇ ಹೊರಟಿದ್ದರೆ ತಾಯಿ ಮರಿಯ ಎದುರಿಗೇ ಸಿಕ್ಕಿಬೀಳುತ್ತಿದ್ದೆವು. ಅವೂ ಇಳಿದುಹೋದವು. ಸೊಪ್ಪು ಮುರಿಯುವ ಸದ್ದು ದೂರವಾಯಿತು. ಆಗ ಎಲ್ಲಿಂದಲೋ ಟಕ್ ಟಕ್, ತಡೆದು ಟಕ್. ಮಕ್ಕಳ ಕೈ ಹಿಡಿದು ಓಡಿದೆ.

ರಾತ್ರಿ ಸಿಗ್ನಲ್ ಸಿಗುವ ಜಾಗಕ್ಕೆ ಹೋಗಿ ಅಮ್ಮನಿಗೆ ಫೋನ್ ಮಾಡಿದೆ. ಗಾಬರಿಯಾದಾಳೆಂದು ಆನೆಯ ಮಾತೆತ್ತಲಿಲ್ಲ, ಚೆನ್ನಾಗಿದ್ದೀನಿ ಎಂದೆ. ಅವಳೂ ಅದನ್ನೇ ಹೇಳಿದಳು.

ತಿಂಗಳಾದ ಮೇಲೆ ಊರಿಗೆ ಹೋದಾಗ ಅಮ್ಮ ನೇಯ್ದು ಮುಗಿಸಿದ ಸೀರೆಯೊಂದು ಮೂಲೆಯಲ್ಲಿತ್ತು. ಬಿಚ್ಚಿ ನೋಡಿದರೆ ಮೈಗೆ ಅಡ್ಡಲಾಗಿ ಒಂದು ಗೆರೆ. ಮಗ್ಗ ಬಹಳ ಹೊತ್ತು ನಿಂತು ಮತ್ತೆ ಶುರುವಾದರೆ ಬಟ್ಟೆಯ ಮೇಲೆ ಅಂಥ ಗೆರೆ ಮೂಡುತ್ತದೆ.

“ಅವತ್ತು ಎಳೆ ಸಿಕ್ಲೇ ಇಲ್ಲ ಕಣವ್ವ. ನೀನಿದ್ದಿದ್ರೆ ಒಂದು ಗಳಿಗೆ ಕೆಲ್ಸ” ಎಂದಳು ಅಮ್ಮ.

“ನನ್ನೂ ಅಲ್ಲಾಡಕ್ಕೆ ಬುಡ್ನಿಲ್ಲ ನಿಮ್ಮವ್ವ. ಸಂಜೆ ಕಾಯಕ್ಕಿಟ್ಟ ಆಲೆಲ್ಲ ಉಕ್ಕೋಯ್ತು” ಎಂದರು, ನಾನು ಹೋದಾಗಿನಿಂದ ಅಮ್ಮನ ಜೊತೆಗಿದ್ದ ಅತ್ತೆ.

“ಯಾವ ದಿನ ಅತ್ತೆ?”

“ಬಂತು ನೋಡು ಸರ್ಟಿಫಿಕೇಟು!” ಅತ್ತೆ ನಕ್ಕರು. ದಿನ ಇಬ್ಬರಿಗೂ ನೆನಪಿರಲಿಲ್ಲ.

ವಾಪಸು ಬಂದವಳೇ ಡೈರಿ ತೆಗೆದೆ. ಆ ಸಂಜೆಯ ಪುಟದಲ್ಲಿ ನಾಲ್ಕೇ ಸಾಲು: ಎರಡು ಆನೆ, ಒಂದು ಮರಿ, ಮಕ್ಕಳು ಕ್ಷೇಮ, ಹೆಡ್‌ಮಾಸ್ಟರಿಗೆ ತಿಳಿಸಿದೆ. ಮಗ್ಗದ ಮಾತೇ ಇಲ್ಲ. ಬರೆಯಲು ಹೆದರಿದೆನೋ, ಇಲ್ಲ ಸೀರೆಯ ಗೆರೆ ನೋಡಿದ ಮೇಲೆ ಆ ಸದ್ದನ್ನು ನಾನೇ ನೆನಪಿಗೆ ಸೇರಿಸಿಕೊಂಡೆನೋ? ನನ್ನ ನೆನಪಿನ ಬಗ್ಗೆ ನನಗೆ ಅಂಥ ಭರವಸೆ ಇಲ್ಲ. ಮಾದೇವಿಯನ್ನು ಕೇಳಿದೆ, ಅವತ್ತು ಏನಾದರೂ ಸದ್ದು ಕೇಳಿತಾ ಎಂದು.

“ಇಲ್ಲ ಟೀಚರ್. ಆನೆ ಓದ್‌ಮ್ಯಾಕೆ ನೀವು ‘ಸಿಕ್ತು’ ಅಂದ್ರಲ್ಲ, ಅದೊಂದೇ ಕೇಳ್ಸಿದ್ದು. ಏನ್ ಸಿಕ್ತು ಟೀಚರ್?”

ಹಾಗೆ ಹೇಳಿದ ನೆನಪು ನನಗೆ ಇವತ್ತಿಗೂ ಇಲ್ಲ.

ಅಮ್ಮನ ಕಣ್ಣಿನ ಆಪರೇಷನ್ ಆಗಿದೆ. ಈಗ ಎಳೆ ಕಡಿದರೆ ಹುಡುಕುವುದೇ ಬೇಡ, ನೋಡಿದ ಕೂಡಲೇ ಸಿಗುತ್ತದೆ ಎಂದು ಫೋನಿನಲ್ಲಿ ಹಿಗ್ಗುತ್ತಾಳೆ. ನಾನೂ ಹಿಗ್ಗುತ್ತೇನೆ. ಆದರೆ ಮಗ್ಗ ಈಗ ಹೊತ್ತುಗಟ್ಟಲೆ ನಿಲ್ಲುವುದಿಲ್ಲವಲ್ಲ, ಸಂಜೆ ಆ ತಿರುವಿಗೆ ಬಂದಾಗ ನಾನೇ ಮಕ್ಕಳನ್ನು ನಿಲ್ಲಿಸುತ್ತೇನೆ. ಅವರು ನಡೀರಿ ಟೀಚರ್ ಎಂದರೂ ಇನ್ನಷ್ಟು ಹೊತ್ತು ನಿಲ್ಲಿಸಿಕೊಳ್ಳುತ್ತೇನೆ.